ಮಗಳಿಗೊಂದು ಪತ್ರ: ಹೆಗ್ಗಳ ಘಟ್ಟ ಕಾದವರು

ಪ್ರೀತಿಯ ಪುಟ್ಟಿ,

"ಚಿಕ್ಕವೀರರಾಜ ಅಷ್ಟು ಕ್ರೂರಿ ಆಗಿದ್ರೆ ಜನ ಯಾಕಮ್ಮ ಅವನ ಪರ ಹೋರಾಡಿದ್ರು?" ಅಂತ ಕೊಡಗಿನ ಕೊನೆಯ ರಾಜನ ಬಗ್ಗೆ ಫೋನಿನಲ್ಲಿ ಕೇಳಿದೆಯಲ್ಲ. ಅದು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1834ರ ಏಪ್ರಿಲ್‌ನಲ್ಲಿ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ನಾಲ್ಕು ಕಡೆಯಿಂದ ಕೊಡಗಿಗೆ ನುಗ್ಗಿತು. ರಾಜನ ಸೋದರಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸಪ್ಪ ಓಡಿಹೋಗಿ ಕಂಪನಿಯ ಆಸರೆ ಪಡೆದಿದ್ದರು. ಅವರನ್ನು ಒಪ್ಪಿಸಿ ಅಂತ ರಾಜನ ಹಟ. ಯುದ್ಧಕ್ಕೆ ಅಷ್ಟು ನೆಪ ಸಾಕಾಯಿತು.

ಕಣ್ಣೂರಿನಿಂದ ಹೊರಟ ದಂಡು ಹೆಗ್ಗಳ ಘಟ್ಟ ಹತ್ತಿತು. ನಿನ್ನ ಬಸ್ಸು ಮಾಕುಟ್ಟದಿಂದ ಪೆರುಂಬಾಡಿಗೆ ಏರುತ್ತದಲ್ಲ, ಹೆಚ್ಚೂಕಡಿಮೆ ಅದೇ ಸೀಮೆ. ಅಲ್ಲಿ ಕಾದಿದ್ದವರಲ್ಲಿ ಸಂಬಳದ ಸಿಪಾಯಿಗಳಿಗಿಂತ ಜಮ್ಮಾ ರೈತರೇ ಜಾಸ್ತಿ. ಅವರ ಗದ್ದೆಗೆ ಕಂದಾಯ ಕಡಿಮೆ, ಬದಲಿಗೆ ರಾಜ ಕರೆದಾಗ ಕೋವಿ, ಒಡಿಕತ್ತಿ ಹಿಡಿದು ಬರಬೇಕು. ಮರ ಕಡಿದು ದಾರಿಗೆ ಅಡ್ಡ ಕೆಡವಿದರು. ದಿಮ್ಮಿ ಪೇರಿಸಿ ಅದರ ಮರೆಯಿಂದ ಗುಂಡು ಹಾರಿಸಿದರು. ದಂಡು ಒಂದು ತಡೆ ಮುರಿದರೆ ಮೇಲೆ ಇನ್ನೊಂದು ಕಾದಿರುತ್ತಿತ್ತು. ಆ ಏರಿನಲ್ಲಿ ಹೊರೆ ಹೊತ್ತು, ಗುಂಡೇಟಿನ ನಡುವೆ ಹತ್ತುವುದು ಸುಮ್ನೆ ಮಾತಲ್ಲ.

ಕುಂಬಳೆ ಕಡೆಯಿಂದ ಬಂದ ದಂಡಂತೂ ಪೆಟ್ಟು ತಿಂದು ಹಿಂದಕ್ಕೇ ಹೋಯಿತು. ಸೋಮವಾರಪೇಟೆ ಕಡೆ ಕಂಪನಿಯ ಕರ್ನಲ್ ಮಿಲ್ ಸತ್ತ. ಆದರೆ ಪೂರ್ವದ ದಾರಿಯಲ್ಲಿ ಅಂಥ ಘಟ್ಟ ಇಲ್ಲ. ಅಲ್ಲಿಂದ ಬಂದ ಕಂಪನಿಯ ಸೇನಾನಿ ಲಿಂಡ್ಸೆಯ ಪಡೆ ಏಪ್ರಿಲ್ 6ಕ್ಕೇ ಮಡಿಕೇರಿ ಕೋಟೆ ಸೇರಿತು. 10ಕ್ಕೆ ರಾಜ ಶರಣಾದ. ಒಮ್ಮೆ ಹೋರಾಟ, ಒಮ್ಮೆ ಸಂಧಿ ಅಂತ ಅವನ ಮನಸ್ಸೇ ಒಂದು ಕಡೆ ನಿಂತಿರಲಿಲ್ಲ.

ಹಾಗಾದರೆ ಯಾಕೆ ಹೋರಾಡಿದರು? ಇದು ನನ್ನ ಊಹೆ. ಟಿಪ್ಪು ಸೈನ್ಯ ಸಾವಿರಾರು ಕೊಡಗಿನವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಆಗಿನ್ನೂ ಐವತ್ತು ವರ್ಷವೂ ತುಂಬಿರಲಿಲ್ಲ. ಅದನ್ನು ಚಿಕ್ಕವರಾಗಿ ಕಂಡ ಅಜ್ಜ, ಅಜ್ಜಿಯರು ಮನೆಮನೆಯಲ್ಲಿ ಇದ್ದಿರಬೇಕು, ಅಲ್ವಾ? ರಾಜ ಕೆಟ್ಟವನಿರಬಹುದು, ಆದರೆ ಹೊರಗಿನ ದಂಡು ಘಟ್ಟ ಹತ್ತಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಹೀಗಾಗಿ ಅವರು ಕಾದದ್ದು ರಾಜನನ್ನಲ್ಲ, ತಮ್ಮ ಮನೆಯನ್ನು ಅಂತ ನನಗನಿಸುತ್ತದೆ.

ರಾಜನನ್ನು ಕಾಶಿಗೆ ಕಳಿಸಿದರು. ಆಮೇಲೆ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೂ ಹೋದ, ಅಲ್ಲೇ ತೀರಿಕೊಂಡ. ಇತ್ತ ಬ್ರಿಟಿಷರು ಕೊಡವರಿಗೂ ಜಮ್ಮಾ ರೈತರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಬಿಟ್ಟರು. ಆ ವಿನಾಯಿತಿ ಇವತ್ತಿಗೂ ಇದೆ. ಯಾರ ಮೇಲೆ ಗುಂಡು ಹಾರಿಸಿದ್ದರೋ ಅವರೇ ಕೋವಿ ಇಟ್ಟುಕೊಳ್ಳಲು ಬಿಟ್ಟದ್ದು ಯಾಕೆ ಅಂತ ನೀನೇ ಯೋಚಿಸಿ ಬರೆ.

ನಿನ್ನ ಅಮ್ಮ