‘ಸರ್ವರ್ ಡೌನ್, ನಾಳೆ ಬನ್ನಿ’

ಮಾನ್ಯರೇ,

ಸರ್ಕಾರಿ ಕಚೇರಿಗಳ ಕೌಂಟರಿನಲ್ಲಿ ಕೇಳಿ ಕೇಳಿ ರೋಸಿಹೋದ ಮಾತೆಂದರೆ ‘ಸರ್ವರ್ ಡೌನ್, ನಾಳೆ ಬನ್ನಿ’. ಹೇಳುವವರು ತಲೆಯನ್ನೂ ಎತ್ತುವುದಿಲ್ಲ. ಸಕಲೇಶಪುರ, ಅರಕಲಗೂಡು ಕಡೆಯಿಂದ ಬೆಳಿಗ್ಗೆಯೇ ಬಸ್ ಹಿಡಿದು ಹಾಸನಕ್ಕೆ ಬಂದವರಿಗೆ ‘ನಾಳೆ’ ಎಂದರೆ ಇನ್ನೊಂದು ದಿನದ ಕೂಲಿಗೆ ಖೋತಾ. ಸರ್ವರ್ ಕೆಡುವುದು ಸಿಬ್ಬಂದಿಯ ತಪ್ಪಲ್ಲ, ಒಪ್ಪೋಣ. ಆದರೆ ಅರ್ಜಿ ಇಸಿದುಕೊಂಡು ಸ್ವೀಕೃತಿ ಕೊಡಲು ಏನಡ್ಡಿ? 2011ರ ಸಕಾಲ ಕಾಯ್ದೆಯಡಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಸ್ವೀಕೃತಿ ಸಂಖ್ಯೆಯೇ ಇಲ್ಲದವರು ಕೇಳುವುದು ಹೇಗೆ? (‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’ ಎಂಬುದಕ್ಕೆ ಇನ್ನೊಂದು ಪತ್ರವೇ ಬೇಕು!) ಸರ್ವರ್ ಕೈಕೊಟ್ಟ ದಿನ ಅರ್ಜಿಯನ್ನು ಕೈಬರಹದಲ್ಲೇ ದಾಖಲಿಸಿ, ಸಹಿ ಹಾಕಿ ಕೊಡುವಂತೆ ಜಿಲ್ಲಾಡಳಿತ ಸೂಚಿಸಲಿ.

– ಓದುಗರೊಬ್ಬರು, ಹಾಸನ