ರಜೆಗೆ ಹೊರಡುವ ಮೊದಲು ಮೀನಿನ ತಿಂಡಿ ಡಬ್ಬಿ ಅಡಗಿಸಿಡಿ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರದ ನಿಮ್ಮ ಪುರವಣಿಯಲ್ಲಿ, ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ ಹೋಗುವವರು ಏನೇನು ನೋಡಿಕೊಳ್ಳಬೇಕು ಅಂತ ಒಂದಿಡೀ ಪುಟ ಬಂದಿತ್ತು. ಗ್ಯಾಸ್ ಬಂದ್ ಮಾಡುವುದು, ಹಾಲಿನವರಿಗೆ ಹೇಳುವುದು, ಗಿಡಗಳಿಗೆ ನೀರು, ನಾಯಿಯನ್ನು ಯಾರ ಹತ್ತಿರ ಬಿಡುವುದು, ಎಲ್ಲ ಇತ್ತು. ಮೀನಿನ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ನಮ್ಮ ಮಂಗಳೂರಿನಲ್ಲಿ ಈಗ ಎಷ್ಟೋ ಮನೆಗಳ ಹಾಲ್‌ನಲ್ಲಿ ಒಂದು ಅಕ್ವೇರಿಯಂ ಉಂಟು. ಮಕ್ಕಳು ಹಟ ಮಾಡಿ ತರಿಸಿದ್ದು, ಆಮೇಲೆ ಮನೆಯವರಿಗೆಲ್ಲ ಅದರ ಮೇಲೆ ಜೀವ. ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ರಜೆ ಸಿಕ್ಕಿ ಎಲ್ಲರೂ ಹೊರಡುತ್ತಾರೆ, ಅದಕ್ಕೆ ಮೊದಲೇ ಇದನ್ನು ಬರೆಯಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗಿದೆ. ಆದಷ್ಟು ಕತ್ತರಿಸದೆ ಹಾಕಿ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಮುಂಬೈಯಲ್ಲಿ ತಂಗಿಯ ಮಗಳ ಮದುವೆ ಇತ್ತು. ಒಂಬತ್ತು ದಿನ ನಾವು ಮನೆಯಲ್ಲಿ ಇರಲಿಲ್ಲ. ನಮ್ಮದು ಎರಡು ಅಡಿಯ ಟ್ಯಾಂಕ್, 60 ಲೀಟರ್ ಹತ್ತಿರ ನೀರು. ಆರು ಗಪ್ಪಿ, ನಾಲ್ಕು ಮೋಲಿ, ಎರಡು ಏಂಜಲ್, ಒಂದು ಗೌರಾಮಿ. ಪಕ್ಕದ ಮನೆಯ ಅಕ್ಕನಿಗೆ ಕೀ ಮತ್ತು ತಿಂಡಿ ಡಬ್ಬಿ ಕೊಟ್ಟು, 'ದಿನಾ ಸ್ವಲ್ಪ ಹಾಕಿ ಅಕ್ಕ' ಅಂತ ಹೇಳಿ ರೈಲು ಹತ್ತಿದೆವು.

ವಾಪಸ್ ಬಂದು ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ. ಟ್ಯಾಂಕಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ. ಕೆಳಗೆ ಕಲ್ಲಿನ ಮೇಲೆ ತಿಂಡಿಯ ಕಾಳುಗಳು ಊದಿಕೊಂಡು ಬಿದ್ದಿದ್ದವು, ಒಂದೊಂದರ ಸುತ್ತಲೂ ಹತ್ತಿಯ ಹಾಗೆ ಬೂಸ್ಟು. ಏಂಜಲ್ ಎರಡೂ ಹೋಗಿದ್ದವು, ಗಪ್ಪಿ ಮೋಲಿಗಳೂ ಹೋಗಿದ್ದವು. ಗೌರಾಮಿ ಒಂದೇ ಉಳಿದದ್ದು. ಅದು ನಿಧಾನಕ್ಕೆ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಮತ್ತೆ ಕೆಳಗೆ ಹೋಗುತ್ತಿತ್ತು.

ಅಕ್ಕ ಅತ್ತೇಬಿಟ್ಟರು. ಒಂದು ದಿನವೂ ತಪ್ಪಿಸದೆ ಎರಡು ಹೊತ್ತೂ ಬಂದು ಹಾಕಿದ್ದರು. 'ನಾನು ಹತ್ತಿರ ಬಂದ ಕೂಡಲೇ ಎಲ್ಲ ಗಾಜಿಗೆ ಬಂದು ಅಂಟಿಕೊಳ್ಳುತ್ತಿದ್ದವು, ಪಾಪ ಹಸಿವು ಅಂತ ಇನ್ನೊಂದು ಚಿಟಿಕೆ ಹಾಕುತ್ತಿದ್ದೆ. ಮೊನ್ನೆಯಿಂದ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ತುಂಬಾ ಹಸಿವಾಗಿದೆ ಅಂತ ಜಾಸ್ತಿ ಹಾಕಿದೆ' ಅಂದರು. ಆ ಮಾತು ಕೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವು ಬಾಯಿ ಬಿಡುತ್ತಿದ್ದದ್ದು ಉಸಿರಿಗೆ. ತಪ್ಪು ಅವರದ್ದಲ್ಲ, ನೂರಕ್ಕೆ ನೂರು ನನ್ನದು. 'ಸ್ವಲ್ಪ' ಅಂದರೆ ಎಷ್ಟು ಅಂತ ನಾನು ಹೇಳಿರಲಿಲ್ಲ, ಅಷ್ಟು ಹಾಕುವ ಅಗತ್ಯವೇ ಇಲ್ಲ ಅನ್ನುವುದು ನನಗೂ ಆಗ ಗೊತ್ತಿರಲಿಲ್ಲ.

ಆಮೇಲೆ ಓದಿ, ತಿಳಿದವರನ್ನು ಕೇಳಿ, ಎರಡು ವರ್ಷ ಮಾಡಿ ನೋಡಿ ನಾನು ಕಲಿತ ದೊಡ್ಡ ವಿಷಯ ಇದು: ಆರೋಗ್ಯವಾಗಿರುವ ದೊಡ್ಡ ಮೀನು ಒಂದು ವಾರ ಏನೂ ತಿನ್ನದೆ ಆರಾಮಾಗಿ ಇರುತ್ತದೆ, ಹೆಚ್ಚಿನವು ಹತ್ತು ಹನ್ನೆರಡು ದಿನವನ್ನೂ ತಡೆದುಕೊಳ್ಳುತ್ತವೆ. ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳಲು ಅದು ಶಕ್ತಿ ಖರ್ಚು ಮಾಡಬೇಕಾಗಿಲ್ಲ ಅಲ್ವಾ. ಹೊಳೆಯಲ್ಲಿ ಅದಕ್ಕೆ ದಿನಾ ಹೊತ್ತುಹೊತ್ತಿಗೆ ಊಟ ಹಾಕುವವರು ಯಾರೂ ಇಲ್ಲ. ಗಾಜಿನ ಮೇಲೆ, ಗಿಡದ ಎಲೆಯ ಮೇಲೆ ಇರುವ ಪಾಚಿಯನ್ನು ಅಷ್ಟಿಷ್ಟು ಕೆರೆದು ತಿನ್ನುತ್ತದೆ. ಮನುಷ್ಯರನ್ನು ಕಂಡ ಕೂಡಲೇ ಗಾಜಿನ ಹತ್ತಿರ ಬರುವುದು ಅಭ್ಯಾಸ, ಹೊಟ್ಟೆ ತುಂಬಿದ್ದರೂ ಬರುತ್ತದೆ.

ಮೀನನ್ನು ಕೊಲ್ಲುವುದು ಉಳಿದ ತಿಂಡಿ. ಅದು ಕೊಳೆತರೆ ಅಮೋನಿಯಾ ಏಳುತ್ತದೆ. ಮೀನು ಉಸಿರಾಡುವಾಗ ಕಿವಿರಿನಿಂದ ಬಿಡುವುದೂ ಅಮೋನಿಯಾವೇ. ಫಿಲ್ಟರಿನ ಸ್ಪಂಜಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೊಂದು ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಆದರೆ ಆ ಬ್ಯಾಕ್ಟೀರಿಯಾ ದಿನದ ಲೆಕ್ಕಕ್ಕೆ ತಕ್ಕಷ್ಟೇ ಇರುತ್ತದೆ, ಒಮ್ಮೆಲೇ ನಾಲ್ಕು ಪಟ್ಟು ತಿಂಡಿ ಬಿದ್ದರೆ ಸುಧಾರಿಸಲು ಆಗುವುದಿಲ್ಲ. ಅದರ ಜೊತೆಗೆ ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ತಿಂದು ಹಾಕುತ್ತದೆ. ನಮ್ಮ ಗೌರಾಮಿ ಉಳಿದದ್ದು ಯಾಕೆ ಅಂತ ಆಗ ಗೊತ್ತಾಯಿತು. ಗೌರಾಮಿಗೆ, ಫೈಟರ್ ಮೀನಿಗೆ ಮೇಲಿನ ಗಾಳಿಯನ್ನೇ ಕುಡಿದು ಉಸಿರಾಡುವ ಇನ್ನೊಂದು ಅಂಗ ತಲೆಯೊಳಗೆ ಉಂಟು. ಬೇರೆಯವಕ್ಕೆ ಅದಿಲ್ಲ. ಮತ್ತೆ ನಮ್ಮ ಮೇ ತಿಂಗಳ ಸೆಕೆ. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿ ನಿಂತರೆ, 32 ಡಿಗ್ರಿಗೆ ಏರಿದಾಗ ಅದು 7ರ ಹತ್ತಿರಕ್ಕೆ ಇಳಿಯುತ್ತದೆ, ಮೀನಿಗೆ ಬೇಕಾಗುವುದು ಮಾತ್ರ ಬಿಸಿಯಲ್ಲಿ ಜಾಸ್ತಿಯಾಗುತ್ತದೆ. ಕಿಟಕಿ ಬಾಗಿಲು ಮುಚ್ಚಿದ ಮನೆ ಒಳಗೆ ಎಷ್ಟು ಕಾಯುತ್ತದೆ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಟ್ಯಾಂಕಿನ ಮೇಲೆ ಬಿಸಿಲು ಬೀಳುವ ಕಡೆ ಪರದೆ ಎಳೆದು ಹೋಗಿ. ಟ್ಯಾಂಕಿನ ಲೈಟ್ ಕೂಡ ನೀರನ್ನು ಬಿಸಿ ಮಾಡುತ್ತದೆ, ಪಾಚಿಯನ್ನೂ ಬೆಳೆಸುತ್ತದೆ. ಗಿಡ ಇದ್ದರೆ ಟೈಮರ್ ಹಾಕಿ ದಿನಕ್ಕೆ ಆರು ಗಂಟೆ ಸಾಕು, ಇಲ್ಲದಿದ್ದರೆ ಆಫ್ ಮಾಡಿ. ಹೀಟರ್ ಇಟ್ಟವರು ಈ ಸೆಕೆಯಲ್ಲಿ ಪ್ಲಗ್ ತೆಗೆದೇ ಹೋಗಿ.

ಇನ್ನೊಂದು ಅಪಾಯ ನಮ್ಮ ಕರಾವಳಿಯವರಿಗೇ ಹೇಳಿ ಮಾಡಿಸಿದ್ದು. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಇಲ್ಲಿ ಗುಡುಗು ಸಿಡಿಲು ಜೋರು. ಊರಿಗೆ ಹೊರಡುವಾಗ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗುವ ಅಭ್ಯಾಸ ತುಂಬಾ ಮನೆಗಳಲ್ಲಿ ಉಂಟು, ನಮ್ಮ ತಂದೆಯವರೂ ಹಾಗೇ ಮಾಡುತ್ತಿದ್ದರು. ಆಗ ಫಿಲ್ಟರ್ ನಿಲ್ಲುತ್ತದೆ. ನೀರು ಹರಿಯದಿದ್ದರೆ ಸ್ಪಂಜಿನ ಬ್ಯಾಕ್ಟೀರಿಯಾ ಉಸಿರು ಕಟ್ಟಿ ಸಾಯಲು ಶುರುವಾಗುತ್ತದೆ, ಒಂದೆರಡು ದಿನದಲ್ಲಿ ಟ್ಯಾಂಕೇ ಹಾಳು. ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಅಕ್ವೇರಿಯಂನ ಪ್ಲಗ್ ಯಾವ ಲೈನಿನಲ್ಲಿ ಬರುತ್ತದೆ ಅಂತ ನೋಡಿಸಿ. ಬೋರ್ಡಿನಲ್ಲಿ ಒಂದೊಂದು ಲೈನಿಗೆ ಇರುವ ಉಳಿದ ಸ್ವಿಚ್ಚುಗಳನ್ನೆಲ್ಲ (ಎಂಸಿಬಿ) ಇಳಿಸಿ ಆ ಒಂದನ್ನು ಬಿಡಬಹುದು. ಇನ್ವರ್ಟರ್ ಇದ್ದವರು ಏರ್ ಪಂಪನ್ನು ಅದರ ಲೈನಿಗೆ ಕೊಡಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನಳಿಗೆಯಲ್ಲಿ ನೀರು ಹಿಂದಕ್ಕೆ ಬಂದು ನೆಲಕ್ಕೆಲ್ಲ ಸುರಿಯುತ್ತದೆ. ವಯರು ಸಾಕೆಟ್ಟಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗುವ ಹಾಗೆ ಇರಲಿ, ನೀರಿನ ಹನಿ ಇಳಿದರೂ ಪ್ಲಗ್ಗಿಗೆ ಹೋಗಬಾರದು. ಸಿಡಿಲಿಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆದರೆ ಅದು ತಾನಾಗಿ ಏಳುವುದಿಲ್ಲ. ಪಕ್ಕದ ಮನೆಯವರು ಬಂದು ನೋಡಲೇಬೇಕಾದದ್ದು ಇದಕ್ಕೆ.

ನೀರು ಬದಲಿಸುವ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ. 'ಹೋಗುವ ಮೊದಲು ಚೆನ್ನಾಗಿ ಕ್ಲೀನ್ ಮಾಡಿ ಹೋಗೋಣ' ಅಂತ ಹಿಂದಿನ ದಿನ ಮೀನನ್ನು ಬಕೆಟಿಗೆ ಹಾಕಿ, ಕಲ್ಲು ತಿಕ್ಕಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆಯುತ್ತಾರೆ. ನೋಡಲು ಗಾಜು ಪಳಪಳ ಹೊಳೆಯುತ್ತದೆ, ಆದರೆ ನಲ್ಲಿ ನೀರಿನ ಕ್ಲೋರಿನ್‌ಗೆ ಸ್ಪಂಜಿನ ಬ್ಯಾಕ್ಟೀರಿಯಾ ಎಲ್ಲ ಸತ್ತಿರುತ್ತದೆ. ನೀವು ಇಲ್ಲದ ವಾರದಲ್ಲೇ ಅಮೋನಿಯಾ ಏರುತ್ತದೆ. ಹಾಗೆ ಮಾಡಬೇಡಿ. ಹೊರಡುವ ಎರಡು ಮೂರು ದಿನ ಮೊದಲು ಕಾಲುಭಾಗ ನೀರು ಮಾತ್ರ ಬದಲಿಸಿ. ನಮ್ಮ ಎರಡಡಿ ಟ್ಯಾಂಕಿಗೆ ಅದು ಒಂದೂವರೆ ಬಕೆಟ್. ಸ್ಪಂಜನ್ನು ಹೊರಗೆ ತೆಗೆದ ಆ ಹಳೆಯ ನೀರಿನಲ್ಲೇ ಒಮ್ಮೆ ಅದ್ದಿ ಹಿಂಡಿದರೆ ಸಾಕು. ತುಂಬೆ ಅಣೆಕಟ್ಟಿನಿಂದ ಬರುವ ಕಾರ್ಪೊರೇಷನ್ ನೀರು ಹಾಕುವವರು ಹಿಂದಿನ ದಿನವೇ ಹಿಡಿದು ಇಡಿ, ಇಲ್ಲವೇ ಆಂಟಿಕ್ಲೋರಿನ್ ನಾಲ್ಕು ಹನಿ ಹಾಕಿ. ಬೇಸಿಗೆಯಲ್ಲಿ ತುಂಬೆಯಲ್ಲಿ ನೀರು ಇಳಿದರೆ ಇಲ್ಲಿ ದಿನ ಬಿಟ್ಟು ದಿನ ಬರುವುದೂ ಉಂಟು, ಹಾಗಾಗಿ ಕೊನೆಯ ಗಳಿಗೆಗೆ ಇಟ್ಟುಕೊಳ್ಳಬೇಡಿ. ಹಿಡಿದಿಟ್ಟ ಬಕೆಟಿಗೆ ಬಟ್ಟೆ ಕಟ್ಟಿ ಮುಚ್ಚಿ. ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಊರು ನಮ್ಮದು.

ಹೊರಡುವ ಮೂರು ವಾರದ ಒಳಗೆ ಹೊಸ ಮೀನು ತರಬೇಡಿ. ಅಂಗಡಿಯಿಂದ ವೈಟ್ ಸ್ಪಾಟ್ (ಮೀನಿನ ಮೈಮೇಲೆ ಬಿಳಿ ಚುಕ್ಕೆ ಏಳುವ ರೋಗ) ಬಂದರೆ ಅದು ಕಾಣಿಸಿಕೊಳ್ಳುವುದಕ್ಕೆ ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ನೀವು ರೈಲಿನಲ್ಲಿರುತ್ತೀರಿ.

ಅಂಗಡಿಯಲ್ಲಿ 'ಹಾಲಿಡೇ ಫುಡ್' ಅಂತ ಚಿಪ್ಪಿನ ಆಕಾರದ ಬಿಳಿ ಬಿಲ್ಲೆ ಕೊಡುತ್ತಾರೆ. ನಾನು ಒಮ್ಮೆ ಹಾಕಿ ನೋಡಿದೆ, ನೀರು ಮಬ್ಬಾಯಿತು, ಮೀನು ಅದನ್ನು ಮುಟ್ಟಿದ್ದೂ ಕಡಿಮೆ. ಹತ್ತು ದಿನದ ಒಳಗಿನ ಪ್ರಯಾಣಕ್ಕೆ ನನ್ನ ಪ್ರಕಾರ ಅದು ಬೇಡವೇ ಬೇಡ. ತಾನಾಗಿ ತಿಂಡಿ ಹಾಕುವ ಮಿಷನ್ ಒಳ್ಳೆಯದೇ, ಆದರೆ ನಮ್ಮ ಹವೆಗೆ ಪದರಪದರದ ತಿಂಡಿ ತೇವ ಎಳೆದು ಗಂಟು ಕಟ್ಟುತ್ತದೆ. ಕಾಳಿನ ತಿಂಡಿ ಹಾಕಿ, ನೀವು ಮನೆಯಲ್ಲಿರುವಾಗಲೇ ಒಂದು ವಾರ ಓಡಿಸಿ ನೋಡಿ, ಎಷ್ಟು ಬೀಳುತ್ತದೆ ಅಂತ ಕಣ್ಣಾರೆ ಕಂಡ ಮೇಲೆ ನಂಬಿ.

ಮರಿಗಳು ಇದ್ದರೆ ಇದು ಯಾವುದೂ ನಡೆಯುವುದಿಲ್ಲ. ಅವಕ್ಕೆ ದಿನಾ ಎರಡು ಮೂರು ಸಲ ತಿಂಡಿ ಬೇಕು. ಫಿಲ್ಟರ್ ಇಲ್ಲದ ಗಾಜಿನ ಬೌಲಿನಲ್ಲಿ ಗೋಲ್ಡ್ ಫಿಶ್ ಇಟ್ಟವರೂ ಬಿಟ್ಟು ಹೋಗಬಾರದು. ಮೀನು ಸಾಕುವ ಗೆಳೆಯರ ಮನೆಗೋ, ಗುರುತಿನ ಅಂಗಡಿಗೋ ಕೊಟ್ಟು ಹೋಗಿ. ದಯವಿಟ್ಟು ಬಾವಿಗೆ, ದೇವಸ್ಥಾನದ ಕೆರೆಗೆ, ಹೊಳೆಗೆ ಬಿಡಬೇಡಿ. ಅದು ಪುಣ್ಯದ ಕೆಲಸ ಅಂತ ಎಷ್ಟೋ ಜನ ತಿಳಿದಿದ್ದಾರೆ. ಗಾಜು ಕ್ಲೀನ್ ಮಾಡುತ್ತದೆ ಅಂತ ನಾವು ತರುವ ಸಕ್ಕರ್ ಮೀನು ಒಂದು ಅಡಿಗಿಂತ ಉದ್ದ ಬೆಳೆಯುತ್ತದೆ. ಹೀಗೆ ಬಿಟ್ಟದ್ದೇ ಕೇರಳದ, ಬಂಗಾಳದ ಕೆರೆ ಕಾಲುವೆಗಳಲ್ಲಿ ಹಬ್ಬಿ ಅಲ್ಲಿಯ ಮೀನುಗಳಿಗೆ ತೊಂದರೆ ಕೊಡುತ್ತಿದೆ. ನಮ್ಮ ನೇತ್ರಾವತಿ, ಸ್ವರ್ಣಾ ಹೊಳೆಗಳಿಗೂ ಆ ಗತಿ ಬರಬಾರದು.

ಕಳೆದ ವರ್ಷ ನಾವು ಹನ್ನೆರಡು ದಿನ ಕಾಶಿಗೆ ಹೋಗಿದ್ದೆವು. ಅದೇ ಅಕ್ಕನಿಗೇ ಕೀ ಕೊಟ್ಟೆ. ತಿಂಡಿ ಡಬ್ಬಿಯನ್ನು ಬೀರುವಿನ ಒಳಗೆ ಇಟ್ಟು ಬೀಗ ಹಾಕಿದೆ, ಅವರಿಗೂ ಹೇಳಿಯೇ ಇಟ್ಟದ್ದು. ಅಮ್ಮನ ಮಾತ್ರೆಯ ಡಬ್ಬಿ, ವಾರದ ಏಳು ಖಾನೆಯದ್ದು ಇರುತ್ತದಲ್ವಾ, ಅದರ ಮೂರೇ ಖಾನೆಗೆ ಎಣಿಸಿ ಹದಿನೈದು ಹದಿನೈದು ಕಾಳು ಹಾಕಿ ಮೇಲೆ ತಾರೀಕು ಅಂಟಿಸಿದೆ. ಗಾಜಿನ ಮೇಲೆ ಮಾರ್ಕರಿನಲ್ಲಿ ನೀರಿನ ಗೆರೆ ಎಳೆದೆ. ಆ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ ನೀರು ಆವಿಯಾಯಿತು ಅಂತ ಲೆಕ್ಕ. ತುಂಬಾ ಇಳಿದರೆ ಫಿಲ್ಟರ್ ಗಾಳಿ ಎಳೆದು ಮೋಟರ್ ಸುಡುತ್ತದೆ. ವಾಪಸ್ ಬಂದಾಗ, ಆಗ ಟ್ಯಾಂಕಿನಲ್ಲಿದ್ದ ಮೀನು ಹನ್ನೊಂದಕ್ಕೆ ಹನ್ನೊಂದೂ ಇದ್ದವು, ಸ್ವಲ್ಪ ತೆಳ್ಳಗಾಗಿದ್ದವು ಅಷ್ಟೆ. ಬಂದ ದಿನ ಪ್ರೀತಿ ಉಕ್ಕಿ ಜಾಸ್ತಿ ಹಾಕಲಿಲ್ಲ, ಎರಡು ಚಿಟಿಕೆ ಮಾತ್ರ. ಮರುದಿನ ಒಂದು ಬಕೆಟ್ ನೀರು ಬದಲಿಸಿದೆ.

ನಮ್ಮ ಮಂಗಳೂರಿನ ಎಕ್ಕೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಉಂಟು, ದೇಶದಲ್ಲೇ ಮೊದಲನೆಯದು. ಅಲ್ಲಿಯ ಮೇಷ್ಟ್ರುಗಳ ಹತ್ತಿರ ಈ ವಿಷಯದಲ್ಲಿ ನಿಮ್ಮ ಪತ್ರಿಕೆಗೆ ಒಂದು ಲೇಖನ ಬರೆಸಿ, ರಜೆಗೆ ಮೊದಲೇ ಹಾಕಿ ಅಂತ ನನ್ನ ವಿನಂತಿ. ಮೀನಿನ ಅಂಗಡಿಯವರೂ ಏಪ್ರಿಲ್ ತಿಂಗಳಲ್ಲಿ ತಿಂಡಿ ಮಾರುವಾಗ 'ಊರಿಗೆ ಹೋಗುತ್ತೀರಾ' ಅಂತ ಒಂದು ಮಾತು ಕೇಳಿದರೆ ಎಷ್ಟೋ ಮೀನು ಉಳಿದೀತು.

ಈ ತಿಂಗಳ 20ಕ್ಕೆ ನಾವು ಮತ್ತೆ ಹೊರಡುತ್ತಿದ್ದೇವೆ. ಟ್ಯಾಂಕಿಗೆ ಅಂಟಿಸುವ ಚೀಟಿ ಬರೆದು ಇಟ್ಟಿದ್ದೇನೆ: 'ಅಕ್ಕ, ಮೀನು ಹನ್ನೊಂದು ಉಂಟಾ ಎಣಿಸಿ. ಗುಳ್ಳೆ ಬರುತ್ತಾ ನೋಡಿ. ಬಾರದಿದ್ದರೆ ಬಾಗಿಲ ಹಿಂದಿನ ಸ್ವಿಚ್ ಏರಿಸಿ. ನೀರು ಗೆರೆಗಿಂತ ಎರಡು ಬೆರಳು ಇಳಿದರೆ ಮುಚ್ಚಿಟ್ಟ ಬಕೆಟಿನಿಂದ ನಿಧಾನಕ್ಕೆ ಹಾಕಿ. ಸತ್ತದ್ದು ಕಂಡರೆ ಕೂಡಲೇ ತೆಗೆದು ಫೋನ್ ಮಾಡಿ. ಮೇಲೆ ಬಂದು ಬಾಯಿ ಬಿಟ್ಟರೆ ತಿಂಡಿ ಹಾಕಬೇಡಿ, ಫೋನ್ ಮಾಡಿ.'

ಇತಿ,
ನಿಮ್ಮ ಓದುಗ
ಬಿಜೈ, ಮಂಗಳೂರು