ಭಾನುವಾರದ ಓದಿಗೆ ಅವತಾರ್ ಬ್ರಾ

ಸದಸ್ಯರೇ, ಈ ಭಾನುವಾರದ ಚರ್ಚೆಗೆ ಸಮಾಜಶಾಸ್ತ್ರಜ್ಞೆ ಅವತಾರ್ ಬ್ರಾ ಅವರ ‘ಕಾರ್ಟೋಗ್ರಫೀಸ್ ಆಫ್ ಡಯಾಸ್ಪೊರಾ’ (1996) ಕೃತಿಯನ್ನು ಆರಿಸಿದ್ದೇವೆ. ಡಯಾಸ್ಪೊರಾ ಎಂದರೆ ತಾಯ್ನಾಡು ಬಿಟ್ಟು ಬೇರೆ ಬೇರೆ ದೇಶಗಳಲ್ಲಿ ಚದುರಿ ನೆಲೆಸಿದ ಸಮುದಾಯ. ಪಂಜಾಬಿನಲ್ಲಿ ಹುಟ್ಟಿ ಉಗಾಂಡಾದಲ್ಲಿ ಬೆಳೆದವರು ಅವರು. 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯನ್ನರನ್ನು ಹೊರದಬ್ಬಿದಾಗ, ಹೊರದೇಶದಲ್ಲಿದ್ದ ಅವರಿಗೆ ಮರಳುವ ದಾರಿ ಮುಚ್ಚಿತು. 1979ರಲ್ಲಿ ಲಂಡನ್ನಿನಲ್ಲಿ ‘ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್’ ಎಂಬ ಹೆಂಗಸರ ಸಂಘಟನೆ ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿ ‘ಕಪ್ಪು’ ಎಂಬುದು ಬರೀ ಮೈಬಣ್ಣವಲ್ಲ, ಏಷ್ಯಾ ಮತ್ತು ಆಫ್ರಿಕಾ ಮೂಲದ ಹೆಂಗಸರು ಜನಾಂಗೀಯ ದ್ವೇಷದ ಎದುರು ಒಟ್ಟಾಗಿ ತಳೆದ ರಾಜಕೀಯ ಹೆಸರು. ವಲಸೆ ಬಂದವರಷ್ಟೇ ಅಲ್ಲ, ಕದಲದೆ ಅಲ್ಲೇ ಇದ್ದವರೂ ಆ ವಲಸೆಯ ಕಥೆಯೊಳಗೇ ಇದ್ದಾರೆ ಎನ್ನುವ ಅವರ ವಾದವೇ ನನಗೆ ಹೆಚ್ಚು ಹಿಡಿಸಿದ್ದು. ಭಾಷೆ ತುಸು ಬಿಗಿ, ಹೆದರಬೇಡಿ. ಡಯಾಸ್ಪೊರಾ ಕುರಿತ ಅಧ್ಯಾಯವನ್ನಾದರೂ ಓದಿಕೊಂಡು ಬನ್ನಿ. ಬರಲಾಗದವರು ಶನಿವಾರದೊಳಗೆ ಇಲ್ಲಿಯೇ ತಿಳಿಸಿ.